ವ್ಯಾಪಾರ ಮತ್ತು ಕಾನೂನು: ಪಿಯುಸಿ ಮುಗಿಸಿದ ಮಕ್ಕಳನ್ನು ಎಲ್ಲಿಗೆ ಸೇರಿಸಬೇಕು?

ಕಳೆದ ವರ್ಷ ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ನಮ್ಮ ಜಮಾಅತಿನ ಸಹೋದರರೊಬ್ಬರು ಮಸೀದಿಯ ವರಾಂಡದಲ್ಲಿ ಕಾದಿದ್ದರು. ಕಾಫಿ, ಕಾಳುಮೆಣಸು ಕೊಂಡು ಮಾರುವ ಸಣ್ಣ ವ್ಯಾಪಾರ ಅವರದು. ಕೈಯಲ್ಲಿ ಎರಡು ಕಾಗದ. ಒಂದು, ಮಗಳ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಅಂಕಪಟ್ಟಿ. ಇನ್ನೊಂದು, ಬ್ಯಾಂಕಿನಿಂದ ಬಂದ ಇಂಗ್ಲಿಷ್ ನೋಟಿಸು. “ಉಸ್ತಾದರೇ, ಇವಳನ್ನು ಬಿಬಿಎಗೆ ಹಾಕಲೋ, ಲಾಗೆ ಹಾಕಲೋ? ಹಾಗೇ ಇದನ್ನೊಂದು ಓದಿ ಹೇಳಿ” ಎಂದರು.

ನಾವು ಮದ್ರಸದಲ್ಲಿ ಕಲಿತವರು, ಬಿ.ಎ.ಯನ್ನೂ ಮಾಡಿದವರು. ಆದರೂ ಆ ನೋಟಿಸಿನ ಮೊದಲ ಪ್ಯಾರಾ ದಾಟಲಾಗಲಿಲ್ಲ. ಅವರನ್ನು ಕರೆದುಕೊಂಡು ಪರಿಚಯದ ವಕೀಲರಲ್ಲಿಗೆ ಹೋದೆವು. 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ನೋಟಿಸು ಅದು. ಬಾಕಿ ತೀರಿಸಲು 60 ದಿನಗಳ ಗಡುವು. ಸಾಲಗಾರ ಆಕ್ಷೇಪ ಬರೆದುಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಲಕೋಟೆ ಒಡೆಯದೆ ಮೇಜಿನ ಖಾನೆಯಲ್ಲಿ ಬಿದ್ದಿದ್ದರಿಂದ 60ರಲ್ಲಿ 40 ದಿನ ಆಗಲೇ ಕಳೆದಿತ್ತು. ಇದೇ ಕಾಯ್ದೆಯ 31ನೇ ಕಲಮು ಕೃಷಿ ಭೂಮಿಗೆ ವಿನಾಯಿತಿ ಕೊಡುತ್ತದೆ ಎಂದೂ ಅಂದೇ ಗೊತ್ತಾಯಿತು. ಆದರೆ ಅವರು ಅಡವಿಟ್ಟದ್ದು ಗೋದಾಮನ್ನು.

ಮೊದಲು ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತಹಂತವಾಗಿ ಹೋಗಿ, 1996ರಿಂದ ಪೂರ್ತಿ ಮುಕ್ತ ಮಾರಾಟ ಬಂತು. ಅಂದಿನಿಂದ ಬೆಲೆ, ಮುಂಗಡ, ಸಾಲ, ಒಪ್ಪಂದ ಎಲ್ಲವೂ ನಮ್ಮ ತಲೆಯ ಮೇಲೇ. ನಮ್ಮಲ್ಲಿ ಅಣ್ಣತಮ್ಮಂದಿರ ಪಾಲುದಾರಿಕೆ ಇಂದಿಗೂ ಬಾಯಿಮಾತಿನಲ್ಲೇ ನಡೆಯುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಮಿನ ಪ್ರಕಾರ, ನೋಂದಣಿಯಾಗದ ಸಂಸ್ಥೆ ತನಗೆ ಹಣ ಕೊಡದ ಹೊರಗಿನವನ ಮೇಲೆ ಒಪ್ಪಂದದ ದಾವೆ ಹೂಡುವಂತಿಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಅಲ್ ಬಕರ ಅಧ್ಯಾಯದ 282ನೆಯದು. ಸಾಲವನ್ನು ಬರೆದಿಡುವ ಬಗ್ಗೆ, ಬರೆಯುವವನ ಬಗ್ಗೆ, ಸಾಕ್ಷಿಗಳ ಬಗ್ಗೆ ಅದರಲ್ಲಿದೆ. ನಾವು ಅದನ್ನು ಓದುತ್ತೇವೆ, ಲೆಕ್ಕ ಮಾತ್ರ ಚೀಟಿಯಲ್ಲಿ ಇಡುತ್ತೇವೆ.

ಇನ್ನು ಓದಿನ ವಿಷಯ. ಕಾನೂನಿಗೆ ಎರಡು ದಾರಿಗಳಿವೆ. ಪಿಯುಸಿ ಆದ ಕೂಡಲೇ ಐದು ವರ್ಷದ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಅಥವಾ ಬಿಕಾಂ ಎಲ್‌ಎಲ್‌ಬಿಗೆ ಸೇರುವುದು ಒಂದು. ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡುವುದು ಇನ್ನೊಂದು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಬೇಕು. ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ವಕೀಲಿಕೆಗೆಂದು ಮಗುವನ್ನು ವಿಜ್ಞಾನಕ್ಕೆ ದೂಡುವ ತಂದೆಯರನ್ನೂ ನಾವು ಕಂಡಿದ್ದೇವೆ, ಅದು ಬೇಡ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗಿನ ಕಾಲೇಜುಗಳು ಮಂಗಳೂರು, ಶಿವಮೊಗ್ಗಗಳಲ್ಲಿವೆ. ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಕ್ಲಾಟ್ ಬರೆಯಬೇಕು: ಎರಡು ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರಿನಲ್ಲೇ ನಡೆಯುತ್ತಿರುವುದರಿಂದ ಪಿಯುಸಿ ಫಲಿತಾಂಶ ಬಂದ ಮೇಲೆ ಎಚ್ಚೆತ್ತರೆ ಆ ವರ್ಷ ಹೋಯಿತು. ಪ್ರಥಮ ಪಿಯುಸಿಯಲ್ಲೇ ತಯಾರಿ ಶುರುವಾಗಬೇಕು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25ರ ಮೀಸಲಾತಿ ಇದೆ. 2022ರಿಂದ ಅಲ್ಲಿ ಮೂರು ವರ್ಷದ ಎಲ್‌ಎಲ್‌ಬಿಯೂ ನಡೆಯುತ್ತಿದೆ, ಅದಕ್ಕೆ ಬೇರೆ ಪ್ರವೇಶ ಪರೀಕ್ಷೆ.

ಅಂಚೆ ಶಿಕ್ಷಣದ ಎಲ್‌ಎಲ್‌ಬಿಗೆ ಮಾತ್ರ ಯಾರೂ ಹಣ ಕಟ್ಟಬೇಡಿ. ಅದಕ್ಕೆ ಸನ್ನದು ಸಿಗುವುದಿಲ್ಲ.

ತಂದೆತಾಯಂದಿರು ಯೋಚಿಸದ ಒಂದು ವಿಷಯವಿದೆ. “ಮಗ ಬೆಳಿಗ್ಗೆ ಕೋರ್ಟಿಗೆ ಹೋಗಲಿ, ಸಂಜೆ ನಮ್ಮ ಮಂಡಿಯಲ್ಲಿ ಕೂರಲಿ” ಎನ್ನುತ್ತಾರೆ. ಭಾರತೀಯ ವಕೀಲರ ಪರಿಷತ್ತಿನ ನಿಯಮ ಅದಕ್ಕೆ ಒಪ್ಪುವುದಿಲ್ಲ. ಸನ್ನದು ಪಡೆದ ವಕೀಲ ಸ್ವತಃ ವ್ಯಾಪಾರ ನಡೆಸುವಂತಿಲ್ಲ (47ನೇ ನಿಯಮ), ಪೂರ್ಣಾವಧಿ ಸಂಬಳದ ನೌಕರಿಯನ್ನೂ ಮಾಡುವಂತಿಲ್ಲ (49). ತಂದೆಯಿಂದ ಬಂದ ಮನೆತನದ ವ್ಯಾಪಾರದಲ್ಲಿ ಪಾಲು ಉಳಿಸಿಕೊಳ್ಳಬಹುದು, ಆದರೆ ಅದರ ಆಡಳಿತದಲ್ಲಿ ಕೈಹಾಕುವಂತಿಲ್ಲ (50). ಕಂಪನಿಯ ಕಾನೂನು ವಿಭಾಗದಲ್ಲಿ ಕೆಲಸ ಸಿಕ್ಕವರು ಅದನ್ನು ಪರಿಷತ್ತಿಗೆ ತಿಳಿಸಿ, ಆ ನೌಕರಿ ಇರುವಷ್ಟು ದಿನ ವಕೀಲಿಕೆ ನಿಲ್ಲಿಸಬೇಕು.

ಆದ್ದರಿಂದ ಕಾಲೇಜಿನ ಅರ್ಜಿ ತುಂಬುವ ಮೊದಲು ಕೇಳಬೇಕಾದ್ದು ಇದು: ಮಗು ಕಪ್ಪು ಕೋಟು ಹಾಕಿ ಬೇರೆಯವರ ವ್ಯಾಪಾರದ ವ್ಯಾಜ್ಯ ನಡೆಸಬೇಕೇ, ಅಥವಾ ಕಾನೂನು ಗೊತ್ತಿದ್ದು ತನ್ನದೇ ವ್ಯಾಪಾರ ನಡೆಸಬೇಕೇ? ಮೊದಲನೆಯದು ಖಚಿತವಾಗಿದ್ದು ಇಂಗ್ಲಿಷ್ ಚೆನ್ನಾಗಿದ್ದರೆ ಐದು ವರ್ಷದ ಕೋರ್ಸು ಸರಿ, ಒಂದು ವರ್ಷ ಉಳಿಯುತ್ತದೆ. ನಮ್ಮ ಬೆಟ್ಟದೂರಿನ ಹೆಚ್ಚಿನ ಮಕ್ಕಳಿಗೆ ಹದಿನೆಂಟಕ್ಕೆ ಅದು ಖಚಿತವಿರುವುದಿಲ್ಲ. ಅಂಥವರಿಗೆ ಮೂಡಿಗೆರೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಓದುವುದೇ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಮನೆಯಿಂದಲೇ ಹೋಗಿ ಬರಬಹುದು, ಹಾಸ್ಟೆಲ್ ಖರ್ಚಿಲ್ಲ. ಮೂರು ವರ್ಷದ ಕೊನೆಗೆ ಎಲ್‌ಎಲ್‌ಬಿ, ಎಂಬಿಎ ಎರಡೂ ಬಾಗಿಲು ತೆರೆದಿರುತ್ತವೆ.

ಬಿ.ಕಾಂ. ಜೊತೆಗೇ ಕಂಪನಿ ಸೆಕ್ರೆಟರಿ ಕೋರ್ಸಿಗೂ ಸೇರಬಹುದು. ನಮ್ಮಲ್ಲಿ ಇದರ ಹೆಸರನ್ನೇ ಕೇಳದವರು ಬಹಳ. ಪಿಯುಸಿ ಆದವರು ಪ್ರವೇಶ ಪರೀಕ್ಷೆ ಬರೆದು, ಎಕ್ಸಿಕ್ಯೂಟಿವ್, ಪ್ರೊಫೆಷನಲ್ ಎಂಬ ಎರಡು ಹಂತ ಮತ್ತು ತರಬೇತಿ ಮುಗಿಸಬೇಕು. 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಪಾವತಿಯಾದ ಬಂಡವಾಳವಿರುವ ಕಂಪನಿಗಳು ಪೂರ್ಣಾವಧಿ ಕಂಪನಿ ಸೆಕ್ರೆಟರಿಯನ್ನು ಇಟ್ಟುಕೊಳ್ಳಲೇಬೇಕೆಂದು ಕಾನೂನಿದೆ. ಕಾನೂನು ಮತ್ತು ವ್ಯಾಪಾರ ಎರಡೂ ಬೇಕು, ಕೋರ್ಟು ಬೇಡ ಎನ್ನುವ ಹೆಣ್ಣುಮಕ್ಕಳು ಇದನ್ನು ವಿಚಾರಿಸಲಿ. ಗಂಡುಮಕ್ಕಳೂ ವಿಚಾರಿಸಲಿ, ಅವರಿಗೇನು ಬೇಡವೆಂದಿಲ್ಲ.

ವಕೀಲಿಕೆಯ ಮೊದಲ ವರ್ಷಗಳಲ್ಲಿ ಹಿರಿಯರ ಕಚೇರಿಯಲ್ಲಿ ಕೈಗೆ ಬರುವುದು ಬಸ್ಸಿನ ಖರ್ಚಿಗೇ ಸಾಲದು. ಎಲ್‌ಎಲ್‌ಬಿಯ ಶುಲ್ಕವನ್ನಷ್ಟೇ ಲೆಕ್ಕ ಹಾಕಿದ ಮನೆಗಳು ಎಡವುವುದು ಇಲ್ಲೇ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯಲ್ಲಿ ಕಾನೂನು ಪದವೀಧರರ ತರಬೇತಿ ಅವಧಿಗೆ ಶಿಷ್ಯವೇತನದ ಯೋಜನೆ ಇದೆ. ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಆ ಸಹೋದರರು ವಕೀಲರಿಂದ ಆಕ್ಷೇಪ ಬರೆಸಿ, ಬ್ಯಾಂಕಿನ ಜೊತೆ ಮಾತಾಡಿ ಕಂತು ಮಾಡಿಸಿಕೊಂಡರು. ಮಗಳು ಈಗ ಬಿ.ಕಾಂ. ಓದುತ್ತಿದ್ದಾಳೆ. ಮನೆಗೆ ಬರುವ ಲಕೋಟೆಗಳನ್ನು ಅವಳೇ ಒಡೆಯುತ್ತಾಳಂತೆ.