ರೀಕಾಲ್: ಚಾಸಿ ನಂಬರನ್ನೇ ಕೇಳಿ

ಹೈದರಾಬಾದಿನ ಕಾಚಿಗುಡ ಸುತ್ತಮುತ್ತಲಿನ ಎಷ್ಟೋ ಕನ್ನಡ ಮನೆಗಳಿಗೆ ಕಲಬುರಗಿ, ಬೀದರ್ ಇವತ್ತಿಗೂ ಊರು. ಮದುವೆ, ಜಾತ್ರೆ ಎಂದು ಜಹೀರಾಬಾದ್ ದಾರಿ ಹಿಡಿಯುವ ಸಂಸಾರಗಳಿಗೆ ವ್ಯಾಗನ್‌ಆರ್ ಹೇಳಿಮಾಡಿಸಿದ ಕಾರು. ಅದರ ರೀಕಾಲ್ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕಿವಿಗೆ ಬೀಳುತ್ತವೆ. "ಆ ಮಾಡೆಲ್ಲೇ ಖರಾಬ್ ಅದಂತ, ಕಂಪನಿ ವಾಪಸ್ ತಗೊಳ್ಳಾಕತ್ತದ" ಎಂಬುದು ಒಂದು. "ನಮ್ಮ ಗಾಡಿ ಛಲೋ ನಡದದ, ನಮಗ್ಯಾಕ?" ಎಂಬುದು ಇನ್ನೊಂದು. ಎರಡೂ ತಪ್ಪು, ಎರಡನೆಯದು ಅಪಾಯಕಾರಿ ಕೂಡ.

ರೀಕಾಲ್‌ನಲ್ಲಿ ಸಾಮಾನ್ಯವಾಗಿ ಯಾರೂ ಕಾರು ಕಿತ್ತುಕೊಳ್ಳುವುದಿಲ್ಲ. ಅನುಮಾನವಿರುವ ಒಂದು ಭಾಗವನ್ನು ಪರೀಕ್ಷಿಸಿ, ದೋಷವಿದ್ದರೆ ಬದಲಿಸಿ, ಕಾರನ್ನು ನಿಮಗೇ ಒಪ್ಪಿಸುತ್ತಾರೆ. 2019ರ ಆಗಸ್ಟ್‌ನಲ್ಲಿ ಮಾರುತಿ ಸುಜುಕಿ 1 ಲೀಟರ್ ಎಂಜಿನ್ನಿನ 40,618 ವ್ಯಾಗನ್‌ಆರ್‌ಗಳನ್ನು ಕರೆಸಿಕೊಂಡಿದ್ದು ಪೆಟ್ರೋಲ್ ಸಾಗಿಸುವ ಕೊಳವೆ ಲೋಹದ ಕ್ಲ್ಯಾಂಪಿಗೆ ತಾಗುತ್ತಿರಬಹುದೆಂಬ ಶಂಕೆಯಿಂದ. ಇಡೀ ಮಾಡೆಲ್ಲಿಗೆ ಅದು ಅನ್ವಯಿಸಲಿಲ್ಲ. 2018ರ ನವೆಂಬರ್ 15ರಿಂದ 2019ರ ಆಗಸ್ಟ್ 12ರ ನಡುವೆ ತಯಾರಾದವಕ್ಕೆ ಮಾತ್ರ. ನೀವು ಕೊಂಡ ದಿನವಲ್ಲ, ಕಾರ್ಖಾನೆಯಲ್ಲಿ ಕಾರು ತಯಾರಾದ ದಿನವೇ ಇಲ್ಲಿ ಲೆಕ್ಕ.

"ಒಮ್ಮೆ ತೋರಿಸಿ ಬಂದಿದ್ದೇವೆ, ಮುಗಿಯಿತು" ಎನ್ನುವವರು ಮುಂದಿನದನ್ನೂ ನೋಡಬೇಕು. 2020ರ ಜುಲೈನಲ್ಲಿ ಇಂಧನ ಪಂಪಿನ ದೋಷಕ್ಕಾಗಿ 56,663 ವ್ಯಾಗನ್‌ಆರ್ ಮತ್ತು 78,222 ಬಲೆನೋ ಕಾರುಗಳಿಗೆ ಕರೆ ಹೋಯಿತು. ಆಗಿನ ವ್ಯಾಗನ್‌ಆರ್ ಅವಧಿ 2018ರ ನವೆಂಬರ್ 15ರಿಂದ 2019ರ ಅಕ್ಟೋಬರ್ 15. 2024ರ ಮಾರ್ಚ್‌ನಲ್ಲಿ ಪಂಪಿನ ಮೋಟಾರಿನ ಭಾಗಕ್ಕಾಗಿ ಮತ್ತೆ 4,190 ವ್ಯಾಗನ್‌ಆರ್‌ಗಳ ಸರದಿ. ಅವು 2019ರ ಜುಲೈ 30ರಿಂದ ನವೆಂಬರ್ 1ರ ನಡುವಿನವು. ಈ ಮೂರು ಅವಧಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. 2019ರ ಜುಲೈ 30ರಿಂದ ಆಗಸ್ಟ್ 12ರೊಳಗೆ ತಯಾರಾದ 1 ಲೀಟರ್ ಕಾರು ದಿನಾಂಕದ ಲೆಕ್ಕದಲ್ಲಿ ಮೂರಕ್ಕೂ ಸಿಗುತ್ತದೆ! ನಿಜವಾಗಿ ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಎಂಬುದನ್ನು ಚಾಸಿ ನಂಬರ್ ಮಾತ್ರ ಹೇಳಬಲ್ಲದು.

ಛಲೋ ನಡೆಯುತ್ತಿರುವ ಕಾರಿಗೆ ರೀಕಾಲ್ ಯಾಕೆ ಬೇಕು? ಇಂಧನ ಪಂಪ್ ಕೈಕೊಟ್ಟರೆ ಓಡುತ್ತಿರುವ ಎಂಜಿನ್ನೇ ನಿಂತುಹೋಗಬಹುದು. ಅದು ಮನೆಮುಂದೆ ಆದರೆ ಪರವಾಗಿಲ್ಲ. ಮೆಹದಿಪಟ್ಣಂನಿಂದ ಆರಾಂಘರ್‌ವರೆಗಿನ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಮೇಲೆ, ಹಿಂದಿನಿಂದ ವಾಹನಗಳು ನುಗ್ಗಿ ಬರುತ್ತಿರುವಾಗ ಆದರೆ? 2022ರ ಅಕ್ಟೋಬರ್‌ನಲ್ಲಿ ವ್ಯಾಗನ್‌ಆರ್, ಸೆಲೆರಿಯೊ, ಇಗ್ನಿಸ್ ಸೇರಿ 9,925 ಕಾರುಗಳನ್ನು ಕರೆಸಿದ್ದು ಹಿಂಬದಿ ಬ್ರೇಕಿನ ಒಂದು ಪಿನ್ನಿಗಾಗಿ. ಅದು ಮುರಿದು ಮೊದಲು ವಿಚಿತ್ರ ಸದ್ದು ಬರಬಹುದು, ಬರುಬರುತ್ತ ಬ್ರೇಕಿನ ಹಿಡಿತ ತಗ್ಗಬಹುದು ಎಂಬುದು ಕಂಪನಿಯೇ ಹೇಳಿದ ಕಾರಣ.

ಮಳೆಗಾಲದ ಹೈದರಾಬಾದಿಗೆ ಇನ್ನೂ ಹತ್ತಿರದ ಉದಾಹರಣೆ 2021ರ ಸೆಪ್ಟೆಂಬರಿನದು. ಎರ್ಟಿಗಾ, ಸಿಯಾಜ್, ವಿಟಾರಾ ಬ್ರೆಝಾ, ಎಸ್-ಕ್ರಾಸ್, ಎಕ್ಸ್‌ಎಲ್6 ಸೇರಿ 1,81,754 ಪೆಟ್ರೋಲ್ ಕಾರುಗಳ ಮೋಟಾರ್ ಜನರೇಟರ್ ಯೂನಿಟ್ ಪರೀಕ್ಷಿಸಬೇಕಾಗಿತ್ತು. ಭಾಗ ಬದಲಾಗುವ ತನಕ ನೀರು ನಿಂತ ರಸ್ತೆಯಲ್ಲಿ ಓಡಿಸಬೇಡಿ, ವಿದ್ಯುತ್ ಭಾಗಗಳಿಗೆ ನೇರವಾಗಿ ನೀರು ಚಿಮ್ಮಿಸಬೇಡಿ ಎಂದು ಎಚ್ಚರಿಕೆಯೂ ಇತ್ತು. ಅದೇ ತಿಂಗಳ ಕೊನೆಗೆ ಗುಲಾಬ್ ಚಂಡಮಾರುತದ ಮಳೆ ಈ ನಗರದ ಮೇಲೆ ಸುರಿಯಿತು.

"ಇದ್ದರೆ ಕಂಪನಿಯವರೇ ಫೋನ್ ಮಾಡ್ತಾರೆ" ಎಂಬ ನಂಬಿಕೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಮಾಡುತ್ತಾರೆ, ಆದರೆ ಯಾರಿಗೆ? ತಮ್ಮ ದಾಖಲೆಯಲ್ಲಿರುವ ನಂಬರಿಗೆ. ಕೆಎ-32 ಫಲಕದ ಕಾರು ಕೈ ಬದಲಾಯಿಸಿ ಹೈದರಾಬಾದ್ ಸೇರಿ ತೆಲಂಗಾಣದ ಫಲಕ ಹಾಕಿಕೊಂಡಿದ್ದರೂ, ಕರೆ ಕಲಬುರಗಿಯ ಮೊದಲ ಮಾಲೀಕರಿಗೇ ಹೋಗಬಹುದು. ಅವರು "ಮಾರಿಬಿಟ್ಟೇವ್ರಿ" ಎಂದು ಫೋನ್ ಇಟ್ಟರೆ ಮಾತು ಅಲ್ಲಿಗೇ ನಿಂತಿತು.

ಫಲಕ ಬದಲಾದರೂ ಚಾಸಿ ನಂಬರ್ ಬದಲಾಗದು. ಅದು ಆರ್‌ಸಿಯಲ್ಲೇ ಇದೆ. ಒಟ್ಟು 17 ಅಕ್ಷರ-ಅಂಕಿಗಳು. ಕಂಪನಿಯ ಜಾಲತಾಣದಲ್ಲಿ ಅಥವಾ ಯಾವುದೇ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಅದನ್ನು ಕೊಟ್ಟು ಕೇಳಬಹುದು. ವಾರಂಟಿ ಮುಗಿದಿದೆ, ಸೆಕೆಂಡ್ ಹ್ಯಾಂಡ್ ಎಂದು ಹಿಂಜರಿಯಬೇಡಿ. ಮೇಲೆ ಹೇಳಿದ ರೀಕಾಲ್‌ಗಳಲ್ಲಿ ಭಾಗ ಬದಲಾವಣೆ ಉಚಿತ.

ಭಾರತದಲ್ಲಿ ರೀಕಾಲ್‌ಗೆ ಕಾನೂನೇ ಇಲ್ಲ ಎಂಬ ಮಾತೂ ಹಳತಾಯಿತು. 2012ರಿಂದ ಇದ್ದದ್ದು ತಯಾರಕರೇ ಒಪ್ಪಿಕೊಂಡ ಸ್ವಯಂಪ್ರೇರಿತ ನೀತಿ. 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿಸಿ, ರೀಕಾಲ್‌ಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಂತೆ 7 ವರ್ಷದೊಳಗಿನ ವಾಹನಗಳನ್ನು ಸರ್ಕಾರವೇ ಕಡ್ಡಾಯವಾಗಿ ಕರೆಸಬೇಕಾಗಿ ಬಂದರೆ, ತಯಾರಕರು 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ತೆರಬೇಕಾಗಬಹುದು.

ಸರ್ವಿಸ್ ಸೆಂಟರಿನಲ್ಲಿ ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿ ರೀಕಾಲ್ ಎಂದೇ ಬರೆಸಿಕೊಂಡು ಆರ್‌ಸಿ ಜೊತೆ ಇಡಿ. ನಾಳೆ ಕಾರು ಮಾರುವಾಗ ಆ ಚೀಟಿಯನ್ನೂ ಕೊಂಡವರ ಕೈಗೆ ಕೊಡಿ, ಅವರ ಫೋನ್ ನಂಬರನ್ನು ಕಂಪನಿಯ ದಾಖಲೆಗೆ ಸೇರಿಸಲು ಹೇಳಿ.