ಮೂಳೆಯ ಲೆಕ್ಕ ಒಂದೇ ಅಂಕಿಯಲ್ಲಿಲ್ಲ

ಹುಣಸೂರಿನ ಉಚಿತ ಆರೋಗ್ಯ ಶಿಬಿರವೊಂದರಲ್ಲಿ ನನ್ನ ಅವ್ವ ಪುಟ್ಟ ಯಂತ್ರದೊಳಗೆ ಹಿಮ್ಮಡಿ ಇಟ್ಟಳು. ಕೆಲವೇ ನಿಮಿಷಗಳಲ್ಲಿ ಚೀಟಿ ಬಂತು: ಮೈನಸ್ 2.7. ‘ಮೂಳೆ ಸವೆದಿದೆ’ ಎಂದು ತಿಂಗಳಿಗಾಗುವಷ್ಟು ಮಾತ್ರೆ ಬರೆದುಕೊಟ್ಟರು. ನಲವತ್ತು ವರ್ಷ ಹೊಗೆಸೊಪ್ಪಿನ ಹೊಲದಲ್ಲಿ ಬಾಗಿ ದುಡಿದು, ರಾಗಿಮುದ್ದೆ ಉಂಡ ಜೀವ ಅದು. ‘ನನ್ನ ಮೂಳೆ ಲೆಕ್ಕ ಇಷ್ಟೇನಾ ಮಗ?’ ಎಂದಳು.

ಇಷ್ಟೇ ಅಲ್ಲ. ಆ ಯಂತ್ರ ಶ್ರವಣಾತೀತ ಶಬ್ದವನ್ನು ಹಿಮ್ಮಡಿಯ ಮೂಲಕ ಹಾಯಿಸಿ ಅಂದಾಜು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1994ರಲ್ಲಿ ಗುರುತಿಸಿದ ಮೈನಸ್ 2.5ರ ಗೆರೆಯನ್ನು ಅದಕ್ಕೆ ಹಾಗೆಯೇ ಅನ್ವಯಿಸಲಾಗದು. ಸೊಂಟ, ಬೆನ್ನುಮೂಳೆಗಳ ಖನಿಜವನ್ನು ಅಳೆಯುವ ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆ ಬೇರೆಯೇ ಇದೆ. ಶಿಬಿರದ ಚೀಟಿ ಮುಂದಿನ ಪರೀಕ್ಷೆಗೆ ಸೂಚನೆಯೇ ಹೊರತು ತೀರ್ಪಲ್ಲ.

ಡೆಕ್ಸಾ ಕೂಡ ಖನಿಜ ಎಷ್ಟಿದೆ ಎನ್ನುತ್ತದೆಯೇ ವಿನಾ ಅದು ಎಂಥದೆಂದು ಹೇಳದು. ಕ್ಯಾಲ್ಸಿಯಂ ಮತ್ತು ಫಾಸ್ಫೇಟಿನ ಹರಳುಗಳು ಮೂಳೆಗೆ ಗಡಸುತನ ಕೊಟ್ಟರೆ, ಕೊಲಾಜನ್ ಎಂಬ ಪ್ರೋಟೀನು ಬಾಗುವ ಗುಣ ಕೊಡುತ್ತದೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿದ ಪಾವಗಡ ಸೀಮೆಯ ಜನರ ಕಷ್ಟವನ್ನು ನೆನೆಯಿರಿ. ಫ್ಲೋರೈಡ್ ಸೇರಿದ ಮೂಳೆ ಸಾಂದ್ರವಾಗಿ ಕಂಡರೂ ಪೆಡಸಾಗಬಲ್ಲದು.

ಈ ಗುಣವನ್ನು ತಿಳಿಯಲು ನೆರವಾಗುವ ಬೆಳಕಿನ ವಿದ್ಯೆ ನಮ್ಮ ನೆಲದ್ದೇ. ಸಿ.ವಿ. ರಾಮನ್ ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡುಕೊಂಡ ಬೆಳಕಿನ ಚದುರುವಿಕೆಯನ್ನು ಮಾರ್ಚ್ 16ರಂದು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಮೂಳೆಯ ಮೇಲೆ ಲೇಸರ್ ಬಿಟ್ಟು ರಾಮನ್ ರೋಹಿತವನ್ನು ನೋಡಿದರೆ, 960ರ ಆಸುಪಾಸು ಫಾಸ್ಫೇಟಿನ ಗೆರೆ, 1660ರ ಬಳಿ ಕೊಲಾಜನ್ನಿನ ಗೆರೆ ಮೂಡುತ್ತವೆ. ಅವುಗಳ ಅನುಪಾತ ಮೂಳೆಯ ಹದವನ್ನು ಸೂಚಿಸುತ್ತದೆ. 2006ರಲ್ಲಿ ಬ್ರಿಟನ್ನಿನ ಸಂಶೋಧಕರು ಚರ್ಮವನ್ನು ಕೊಯ್ಯದೆಯೇ ಮೂಳೆಯ ರೋಹಿತ ಪಡೆದರು. ಆದರೂ ಈ ವಿಧಾನ ದಿನನಿತ್ಯದ ಚಿಕಿತ್ಸೆಗಿನ್ನೂ ಬಂದಿಲ್ಲ.

ಅದು ಬರುವವರೆಗೆ ಕೈಲಿರುವುದನ್ನಾದರೂ ಸರಿಯಾಗಿ ಬಳಸಬೇಡವೇ? ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಕೂಲಿಯವರಿಗೆ, ಕೆ.ಆರ್. ನಗರದ ಗದ್ದೆಯ ಹೆಂಗಸರಿಗೆ, ಎಚ್.ಡಿ. ಕೋಟೆಯ ಹಾಡಿಯ ಅಜ್ಜಿಯರಿಗೆ ಡೆಕ್ಸಾ ಪರೀಕ್ಷೆ ಕೈಗೆಟುಕಬೇಕು. ಶಿಬಿರದ ಚೀಟಿಯಲ್ಲಿ ‘ಇದು ಅಂದಾಜು ಮಾತ್ರ’ ಎಂದು ಕನ್ನಡದಲ್ಲಿ ಬರೆದಿರಬೇಕು.

ಅವ್ವನನ್ನು ಮೈಸೂರಿಗೆ ಕರೆದೊಯ್ದೆ. ಡೆಕ್ಸಾದಲ್ಲಿ ಸೊಂಟದ ಅಂಕಿ ಮೈನಸ್ 1.6 ಬಂತು. ವೈದ್ಯರು ಅಂಕಿಯನ್ನು ಬದಿಗಿಟ್ಟು ಊಟ, ಬಿಸಿಲು, ಹಿಂದೆ ಬಿದ್ದ ಪ್ರಸಂಗಗಳನ್ನೆಲ್ಲ ವಿಚಾರಿಸಿದರು. ಕೊನೆಗೆ, ರಾತ್ರಿ ಹಿತ್ತಲಿಗೆ ಇಳಿಯುವ ಮೆಟ್ಟಿಲಿಗೊಂದು ದೀಪ ಹಾಕಿಸಿ ಎಂದರು. ಆ ದೀಪವನ್ನು ಊರಿಗೆ ಬಂದ ದಿನವೇ ಹಾಕಿಸಿದೆ.