ಬ್ಯಾಲೆನ್ಸ್ ರಾಡ್ ಕಳಚುವ ಮುನ್ನ...
ಕಾಡುದಾರಿಯಲ್ಲಿ ಲಾಭ, ಹೆದ್ದಾರಿಯಲ್ಲಿ ನಷ್ಟ

ಮುಂಬಯಿ: ಮೇ ತಿಂಗಳ ರಜೆ, ಚೌತಿ, ಊರಿನ ನೇಮ, ಬ್ರಹ್ಮಕಲಶ ಎಂದರೆ ಮುಂಬಯಿ, ಪುಣೆಗಳ ತುಳು-ಕನ್ನಡಿಗರ ಮನಸ್ಸು ಮೊದಲೇ ಊರು ಸೇರಿರುತ್ತದೆ. ಒಂದು ಕಾಲದಲ್ಲಿ ಊರಿಗೆ ಹೋಗಲು ರಾತ್ರಿ ಬಸ್ಸೇ ಗತಿಯಾಗಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಪ್ರಯಾಣ ಸುಲಭವಾಯಿತು. ಇಂದು ಸ್ವಂತ ವಾಹನದಲ್ಲೇ ಸಕುಟುಂಬವಾಗಿ ಹೊರಡುವವರೂ ಸಾಕಷ್ಟಿದ್ದಾರೆ. ಅದರಲ್ಲೂ ಯುವಕರಿಗೆ ಥಾರ್‌ನಂತಹ ಫೋರ್ ವೀಲ್ ಡ್ರೈವ್ ಎಸ್‌ಯುವಿಗಳೆಂದರೆ ಬಲು ಅಚ್ಚುಮೆಚ್ಚು. ಮಳೆಗಾಲದ ರವಿವಾರ ಸಹ್ಯಾದ್ರಿಯ ಕೆಸರುದಾರಿಯಲ್ಲಿ ಸಾಹಸ ಮಾಡುವ ವಾಹನವೇ ರಜೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಂಗಳೂರಿನವರೆಗೆ ಸುಮಾರು 900 ಕಿ.ಮೀ. ಓಡುತ್ತದೆ.

ವಾಹನ ಒಂದೇ ಆದರೂ ದಾರಿ ಎರಡು ಬಗೆಯದು. ಇಲ್ಲಿಯೇ ಎಚ್ಚರ ಬೇಕಾದುದು. "ಹಿಂದಿನ ಬ್ಯಾಲೆನ್ಸ್ ರಾಡ್ ತೆಗೆಸಿಬಿಡು, ಗಾಡಿ ಕಲ್ಲುಮುಳ್ಳಿನಲ್ಲಿ ಬೆಣ್ಣೆಯಂತೆ ಹೋಗುತ್ತದೆ" ಎಂಬ ಸಲಹೆ ಗೆಳೆಯರ ಬಳಗದಲ್ಲಿ, ಗ್ಯಾರೇಜುಗಳಲ್ಲಿ ಸುಲಭವಾಗಿ ಸಿಗುತ್ತದೆ. ಕೆಲವರು ಲಿಂಕಿನ ಟಕ್ ಟಕ್ ಸದ್ದಿಗೆ ಬೇಸತ್ತು ರಾಡನ್ನೇ ಕಳಚಿಸುತ್ತಾರೆ. ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ಹೆದ್ದಾರಿಗೆ ಇಳಿದರೆ ಅಪಾಯ ಕಟ್ಟಿಟ್ಟ ಬುತ್ತಿ.

ಏನಿದು ರಾಡ್?

ಕಂಪೆನಿಗಳು ಸ್ಟೆಬಿಲೈಸರ್ ಬಾರ್, ಆಂಟಿ ರೋಲ್ ಬಾರ್, ಸ್ವೇ ಬಾರ್ ಎಂದೆಲ್ಲ ಕರೆಯುವ ಈ ಭಾಗ ಯು ಆಕಾರಕ್ಕೆ ಬಾಗಿಸಿದ ಸ್ಪ್ರಿಂಗ್ ಉಕ್ಕಿನ ಸರಳು. ಅದರ ಎರಡು ತುದಿಗಳು ಲಿಂಕುಗಳ ಮೂಲಕ ಎಡ-ಬಲ ಚಕ್ರಗಳ ಕಡೆಗೆ ಸೇರಿದ್ದರೆ, ನಡುಭಾಗ ರಬ್ಬರ್ ಬುಶ್‌ಗಳಲ್ಲಿ ಕೂತಿರುತ್ತದೆ. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬವರು 1919ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಇದರ ಕೆಲಸ ಸರಳ. ಎರಡು ಚಕ್ರಗಳೂ ಒಟ್ಟಿಗೆ ಮೇಲೆದ್ದರೆ ಸರಳು ಬುಶ್‌ಗಳಲ್ಲಿ ತಿರುಗುತ್ತದೆ ಅಷ್ಟೆ, ಅಡ್ಡಿ ಮಾಡುವುದಿಲ್ಲ. ಒಂದು ಮೇಲೆದ್ದು ಇನ್ನೊಂದು ಕೆಳಗಿಳಿದರೆ ಸರಳು ತಿರುಚಿಕೊಂಡು ಎರಡನ್ನೂ ಸಮಕ್ಕೆ ತರಲು ಎಳೆಯುತ್ತದೆ. ತಿರುವಿನಲ್ಲಿ ವಾಹನ ಹೊರಬದಿಗೆ ವಾಲುವುದನ್ನು ತಡೆಯುವುದು ಈ ಎಳೆತವೇ. ಸರಳಿನ ದಪ್ಪ ಶೇ. 10 ಹೆಚ್ಚಾದರೆ ಅದರ ಬಿಗಿ ಸುಮಾರು ಶೇ. 46 ಹೆಚ್ಚುತ್ತದೆ. ಅಂದರೆ 20 ಮಿ.ಮೀ. ಸರಳಿಗೂ 22 ಮಿ.ಮೀ. ಸರಳಿಗೂ ಅಷ್ಟೊಂದು ಅಂತರ. ಆದ್ದರಿಂದ ಯಾವ ವಾಹನಕ್ಕೆ ಎಷ್ಟು ದಪ್ಪದ ಸರಳು ಎಂಬುದನ್ನು ತಯಾರಕರು ಅಳೆದು ತೂಗಿಯೇ ನಿರ್ಧರಿಸುತ್ತಾರೆ.

ಜಮೆಯ ಕಡೆ

ಕಳಚುವುದರಿಂದ ಲಾಭವೇ ಇಲ್ಲವೆಂದಲ್ಲ. ಒಂದು ಚಕ್ರ ಬಂಡೆಯ ಮೇಲೆ, ಇನ್ನೊಂದು ಹೊಂಡದಲ್ಲಿ ಎಂಬಂತಹ ಜಾಗದಲ್ಲಿ ರಾಡ್ ಅಡ್ಡಿಯಾಗುತ್ತದೆ. ಹೊಂಡದ ಕಡೆಯ ಚಕ್ರ ಕೆಳಗಿಳಿದು ನೆಲ ಮುಟ್ಟಲು ಬಿಡದೆ ಗಾಳಿಯಲ್ಲೇ ಹಿಡಿದಿಡುತ್ತದೆ. ಸಾಮಾನ್ಯ ಡಿಫರೆನ್ಷಿಯಲ್ ಇರುವ ಆಕ್ಸೆಲ್‌ನಲ್ಲಿ ಗಾಳಿಯಲ್ಲಿರುವ ಚಕ್ರ ಗಿರಗಿರನೆ ತಿರುಗಿದರೆ, ನೆಲ ಮುಟ್ಟಿದ ಚಕ್ರಕ್ಕೆ ಬಲವೇ ಸಿಗದೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ರಾಡ್ ತೆಗೆದರೆ ಆಕ್ಸೆಲ್ ಸಲೀಸಾಗಿ ಓರೆಯಾಗಿ ಚಕ್ರ ನೆಲ ಕಾಣುತ್ತದೆ. ಒಂದು ಬದಿಯ ಹೊಂಡಕ್ಕೆ ಒಳಗಿದ್ದವರ ತಲೆ ಅತ್ತಿತ್ತ ಎಸೆದಂತಾಗುವುದೂ ಕಡಿಮೆಯಾಗುತ್ತದೆ.

"ಹಳೆಯ ಜೀಪುಗಳಿಗೆ ಹಿಂದೆ ರಾಡ್ ಎಲ್ಲಿತ್ತು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. 1949ರಲ್ಲಿ ನಮ್ಮ ಮುಂಬಯಿಯ ಮಜಗಾಂವ್‌ನಲ್ಲಿ ಮಹೀಂದ್ರದವರು ಜೋಡಿಸಿದ ವಿಲೀಸ್ ಜೀಪಿನಿಂದ ಹಿಡಿದು, 2010ರಲ್ಲಿ ಬಂದ ಮೊದಲ ಥಾರ್‌ವರೆಗೆ ಹಿಂದೆ ಇದ್ದುದು ಲೀಫ್ ಪ್ಲೇಟು. ಆ ಗಟ್ಟಿ ಪ್ಲೇಟುಗಳೇ ವಾಲುವುದನ್ನು ಒಂದಿಷ್ಟು ತಡೆಯುತ್ತಿದ್ದವು. ಹಳೆಯ ಜೀಪುಗಳ ವೇಗವೂ ಅಷ್ಟಕ್ಕಷ್ಟೆ. 2020ರಲ್ಲಿ ಬಂದ ಥಾರ್‌ಗೆ ಹಿಂದೆ ಮೆತ್ತನೆಯ ಕಾಯಿಲ್ ಸ್ಪ್ರಿಂಗ್ ಬಂತು, ಜೊತೆಗೆ ಸ್ಟೆಬಿಲೈಸರ್ ಬಾರೂ ಬಂತು. ಕುಳಿತುಕೊಳ್ಳಲು ಸುಖ ಕೊಡುವ ಸ್ಪ್ರಿಂಗಿಗೆ ವಾಲದಂತೆ ಕಾಯುವ ಜೊತೆಗಾರ ಈ ರಾಡ್. ಸ್ಪ್ರಿಂಗ್ ಉಳಿಸಿಕೊಂಡು ರಾಡ್ ಮಾತ್ರ ತೆಗೆದರೆ ಅದು ಹಳೆಯ ಜೀಪ್ ಆಗುವುದಿಲ್ಲ, ಜೋಡಿಯಲ್ಲಿ ಒಂದನ್ನು ಕಳೆದುಕೊಂಡ ಹೊಸ ಗಾಡಿಯಾಗುತ್ತದೆ.

ಖರ್ಚಿನ ಕಡೆ

ಹಿಂದಿನ ರಾಡ್ ಇಲ್ಲವಾದಾಗ ವಾಲದಂತೆ ತಡೆಯುವ ಭಾರವೆಲ್ಲ ಹೆಚ್ಚಾಗಿ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ವಾಹನ ಮೊದಲಿಗಿಂತ ಹೆಚ್ಚು ವಾಲುವುದಲ್ಲದೆ, ಸ್ಟೇರಿಂಗ್ ತಿರುಗಿಸಿದಷ್ಟು ಮೂತಿ ತಿರುಗದೆ ಹೊರಬದಿಗೆ ಎಳೆಯುತ್ತದೆ. ನಮ್ಮ ದೇಶದಲ್ಲಿ ವಾಹನಗಳು ಎಡಬದಿಯಲ್ಲಿ ಸಾಗುವುದರಿಂದ ಎಡ ತಿರುವಿನಲ್ಲಿ ಹೊರಬದಿಯೆಂದರೆ ಎದುರಿನ ಲಾರಿ ಬರುವ ಬದಿ. ಬಲ ತಿರುವಿನಲ್ಲಿ ಹೊರಬದಿಯೆಂದರೆ ರಸ್ತೆಯ ಅಂಚು. ಆಗುಂಬೆ, ಚಾರ್ಮಾಡಿ ಘಾಟಿ ಬಲ್ಲವರಿಗೆ ಆ ಅಂಚಿನಾಚೆ ಏನಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಸಂದರ್ಭ ಹೆದ್ದಾರಿಯದು. ದನವೋ ದ್ವಿಚಕ್ರ ವಾಹನವೋ ಅಡ್ಡ ಬಂದಾಗ ಚಾಲಕ ಥಟ್ಟನೆ ಒಂದು ಕಡೆಗೆ ತಿರುಗಿಸಿ, ಮರುಕ್ಷಣ ಹಿಂದಕ್ಕೆ ಎಳೆಯುತ್ತಾನೆ. ಎತ್ತರದ ವಾಹನ ಮೊದಲು ಒಂದು ಬದಿಗೆ ವಾಲಿ, ಅಲ್ಲಿಂದ ಇನ್ನೊಂದು ಬದಿಗೆ ಮತ್ತಷ್ಟು ಜೋರಾಗಿ ಹೊಯ್ದಾಡುತ್ತದೆ. ಊರಿಂದ ಮರಳುವಾಗ ಕ್ಯಾರಿಯರಿನ ಮೇಲೆ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನಹಣ್ಣು ಇದ್ದರಂತೂ ಭಾರವೆಲ್ಲ ತಲೆಯ ಮೇಲೆ. ಇಎಸ್‌ಪಿ ಇದೆಯಲ್ಲ ಎಂಬ ಧೈರ್ಯವೂ ಪೂರ್ತಿ ಸಲ್ಲದು. ಆ ವ್ಯವಸ್ಥೆಯನ್ನು ತಯಾರಕರು ರಾಡ್ ಇರುವ ವಾಹನಕ್ಕೆ ಹೊಂದಿಸಿರುತ್ತಾರೆ.

ಹಿಂದಿನದನ್ನು ಉಳಿಸಿ ಮುಂದಿನ ರಾಡ್ ಮಾತ್ರ ಕಳಚಿ ವೇಗವಾಗಿ ಓಡಿಸುವುದು ಇನ್ನೂ ಕೆಟ್ಟದ್ದು. ಆಗ ಹಿಂಬದಿ ಜಾರಿ ಗಾಡಿ ಗಿರಕಿ ಹೊಡೆಯುವ ಸಂಭವ ಹೆಚ್ಚು.

ಕಂಪೆನಿಗಳು ಕಂಡುಕೊಂಡ ದಾರಿ

ತಯಾರಕರಿಗೂ ಈ ಇಕ್ಕಟ್ಟು ಗೊತ್ತು. 2007ರ ಮಾದರಿಯ ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಮುಂದಿನ ರಾಡನ್ನು ಬಟನ್ ಒತ್ತಿ ಬಿಡಿಸುವ ವ್ಯವಸ್ಥೆ ಬಂತು. ಅದು ಕೆಲಸ ಮಾಡುವುದು ಫೋರ್ ವೀಲ್ ಡ್ರೈವ್‌ನಲ್ಲಿ ಮಾತ್ರ. ವೇಗ ಗಂಟೆಗೆ ಸುಮಾರು 29 ಕಿ.ಮೀ. ದಾಟಿದರೆ ರಾಡ್ ತಾನಾಗಿ ಮತ್ತೆ ಸೇರಿಕೊಳ್ಳುತ್ತದೆ. ಟೊಯೊಟಾ ಕಂಪೆನಿಯು ಲ್ಯಾಂಡ್ ಕ್ರೂಸರ್ 200ರಲ್ಲಿ ಮುಂದಿನ-ಹಿಂದಿನ ರಾಡುಗಳನ್ನು ಹೈಡ್ರಾಲಿಕ್ ಕೊಳವೆಗಳಿಂದ ಜೋಡಿಸಿ, ಕಾಡುದಾರಿಯಲ್ಲಿ ಸಡಿಲ, ತಿರುವಿನಲ್ಲಿ ಬಿಗಿ ಆಗುವಂತೆ ಮಾಡಿತು. ನಿಧಾನದ ದಾರಿಗೆ ಸಡಿಲ, ವೇಗದ ದಾರಿಗೆ ಬಿಗಿ ಎಂಬುದೇ ಇದರ ತಾತ್ಪರ್ಯ. ಶಾಶ್ವತವಾಗಿ ಕಳಚಿಡಿ ಎಂದು ಅವರಾರೂ ಹೇಳಿಲ್ಲ.

ಕಳಚಲೇಬೇಕೆಂದಾದರೆ

ಸಾಹಸದ ಹವ್ಯಾಸವುಳ್ಳವರು ಕಾಡುದಾರಿಯ ಬಾಯಲ್ಲಿ ಕಳಚಿ, ಡಾಮರು ರಸ್ತೆಗೆ ಏರುವ ಮುನ್ನ ಮತ್ತೆ ಕೂಡಿಸುವುದೇ ಕ್ರಮ. ವಾಹನ ಸಮತಟ್ಟಾದ ನೆಲದಲ್ಲಿರಬೇಕು, ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಅಡೆ ಕೊಟ್ಟಿರಬೇಕು. ಎರಡು ಚಕ್ರಗಳೂ ಸಮವಾಗಿದ್ದಾಗ ರಾಡಿನಲ್ಲಿ ಎಳೆತವಿರುವುದಿಲ್ಲ. ಒಂದೇ ಬದಿಗೆ ಜಾಕ್ ಕೊಟ್ಟು ನಟ್ ಬಿಚ್ಚಿದರೆ ತಿರುಚಿಕೊಂಡ ಸರಳು ಸಿಡಿದು ಕೈಗೆ ಬಡಿಯಬಹುದು. ಬರೇ ಜಾಕ್ ನಂಬಿ ಅಡಿಗೆ ನುಸುಳುವುದಂತೂ ಬೇಡವೇ ಬೇಡ.

ಒಂದು ಬದಿಯ ಲಿಂಕ್ ಬಿಚ್ಚಿದರೂ ರಾಡ್ ಕೆಲಸ ನಿಲ್ಲಿಸುತ್ತದೆ. ಆದರೆ ನೇತಾಡುವ ತುದಿ ಟಯರಿಗೋ ಬ್ರೇಕ್ ಕೊಳವೆಗೋ ತಾಗದಂತೆ ಭದ್ರವಾಗಿ ಕಟ್ಟಬೇಕು. ರಾಡ್ ಇಲ್ಲದಾಗ ಚಕ್ರ ಹೆಚ್ಚು ಕೆಳಗಿಳಿಯುವುದರಿಂದ ಬ್ರೇಕ್ ಹೋಸ್, ಎಬಿಎಸ್ ವಯರು ಅಷ್ಟು ಉದ್ದ ಇವೆಯೇ, ಸ್ಪ್ರಿಂಗ್ ಕೂತ ಜಾಗದಿಂದ ಕಳಚುತ್ತದೆಯೇ, ಟಯರು ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಎಂದು ನೋಡುವುದು ಅಗತ್ಯ. ಮರುಜೋಡಣೆಯಲ್ಲಿ ಬೋಲ್ಟುಗಳನ್ನು ಕಂಪೆನಿಯ ಕೈಪಿಡಿ ಹೇಳಿದ ಬಿಗಿಗೇ ಬಿಗಿಯಬೇಕು.

ಟಕ್ ಟಕ್ ಸದ್ದಿನ ತೊಂದರೆಯಿದ್ದವರಿಗೆ ಉಪಾಯ ಬೇರೆ. ಹೆಚ್ಚಾಗಿ ಸವೆದಿರುವುದು ಬುಶ್ ಅಥವಾ ಲಿಂಕ್. ಅವನ್ನು ಬದಲಿಸಿದರೆ ಸದ್ದು ಹೋಗುತ್ತದೆ, ರಕ್ಷಣೆ ಉಳಿಯುತ್ತದೆ. ಹಲ್ಲು ನೋವೆಂದು ದವಡೆ ಕೀಳಿಸುವವರುಂಟೇ? ಏನೇ ಬದಲಾವಣೆ ಮಾಡಿಸುವುದಿದ್ದರೂ ವಾರಂಟಿ ಮತ್ತು ವಿಮೆಯ ಕರಾರನ್ನು ಓದಿ, ವಿಮಾ ಕಂಪೆನಿಗೆ ಪತ್ರ ಬರೆದು, ಉತ್ತರವನ್ನೂ ಲಿಖಿತವಾಗಿಯೇ ಪಡೆಯುವುದು ಜಾಣತನ. ಬಾಯಿಮಾತು ಕ್ಲೇಮಿನ ದಿನ ಉಪಯೋಗಕ್ಕೆ ಬಾರದು.

ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಕೊಳ್ಳುವವರು ಇಂಜಿನ್, ಟಯರು ನೋಡುವಂತೆಯೇ ಒಮ್ಮೆ ಬಗ್ಗಿ ಹಿಂದಿನ ಆಕ್ಸೆಲ್ ಬಳಿ ರಾಡ್ ಇದೆಯೇ, ಬುಶ್ ಕ್ಲಾಂಪಿನ ಜಾಗ ಖಾಲಿಯಾಗಿದೆಯೇ ಎಂದು ನೋಡುವುದು ಒಳಿತು. ಮನೆಯ ಮಗ ಗಾಡಿಗೆ ಏನು ಮಾಡಿಸಿದ್ದಾನೆಂದು ಹಿರಿಯರೂ ಕೇಳಬೇಕು. ರವಿವಾರದ ಸಾಹಸದಲ್ಲಿ ಅವನೊಬ್ಬನೇ ಇರಬಹುದು, ಊರಿನ ದಾರಿಯಲ್ಲಿ ಅಜ್ಜ, ಅಜ್ಜಿ, ಮಕ್ಕಳು ಅವನ ಹಿಂದೆ ಕುಳಿತಿರುತ್ತಾರೆ.